ಗೊರಸಿಗೆ ನಿಷೇಧ, ಬೂಟಿಗೆ ಟಿಕೆಟ್ಟು

ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸುವಂತಿಲ್ಲ ಎಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೆಯ ಕಲಮು ವಿಧಿಸುತ್ತದೆ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದಂದಿನಿಂದ ಅದರ ಒಳಗೂ ಅಂಚಿನಲ್ಲೂ ಬದುಕುವ ಹಳ್ಳಿಗರು ಈ ಮಾತನ್ನು ಕೇಳುತ್ತಲೇ ಬಂದಿದ್ದಾರೆ. ಗೊರಸು ತುಳಿದರೆ ಹುಲ್ಲು ಸಾಯುತ್ತದೆ, ಮಣ್ಣು ಜಾರುತ್ತದೆ ಎಂಬುದು ಅದರ ಹಿಂದಿನ ತರ್ಕಗಳಲ್ಲೊಂದು. ತರ್ಕದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದೇ ಹುಲ್ಲಿನ ಮೇಲೆ ದಿನಕ್ಕೆ 300 ಚಾರಣಿಗರು ಹತ್ತಿ ಇಳಿಯಲು ಅನುಮತಿಯುಂಟು. ಬೂಟಿನ ಅಡಿಯೇನು ಗೊರಸಿಗಿಂತ ಮೃದುವೇ?

ಮುನ್ನೂರು ಎಂಬ ಮಿತಿಯನ್ನು ಇಲಾಖೆಯು ತನ್ನ ಸಂಯಮದ ಸಾಕ್ಷಿಯೆಂಬಂತೆ ಮುಂದಿಡುತ್ತದೆ. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಮಂದಿ ಜಾತ್ರೆಯಂತೆ ನೆರೆದುದನ್ನು ಕಂಡ ಮೇಲೆ ಯಾವ ಮಿತಿಯೂ ಸಮಾಧಾನ ತರುತ್ತದೆ, ನಿಜ. ಆದರೆ ಕಡಿದಾದ ಗುಡ್ಡಕ್ಕೆ ತಲೆಯೆಣಿಕೆ ತಿಳಿಯದು. ಅದಕ್ಕೆ ತಿಳಿಯುವುದು ಋತು ಒಂದೇ.

ಮುಳ್ಳೋಡಿಯಿಂದ 1,894 ಮೀಟರಿನ ಶಿಖರದವರೆಗಿನ ದಾರಿಯನ್ನು ನೋಡಿ. ಕಣಿವೆಯ ಮಡಿಲಲ್ಲಿ ಶೋಲೆ, ಏರಿನ ಮೈಯಲ್ಲಿ ಹುಲ್ಲು. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆಯಿದು. ಆ ಮಳೆಯ ಹೊಡೆತವನ್ನು ತಡೆದು, ನೀರನ್ನು ನೆಲಕ್ಕಿಳಿಸಿ, ಶೋಲೆಯ ಹಳ್ಳಕ್ಕೆ ಸಾವಕಾಶವಾಗಿ ಒಪ್ಪಿಸುವುದು ಹುಲ್ಲಿನ ಬೇರು. ಒದ್ದೆ ನೆಲವನ್ನು ತುಳಿದಾಗ ಮೊದಲು ಹುಲ್ಲು ಹೋಗುತ್ತದೆ, ಬಳಿಕ ಮಣ್ಣು ಗಟ್ಟಿಯಾಗುತ್ತದೆ. ಗಟ್ಟಿಯಾದ ಮಣ್ಣಿಗೆ ನೀರು ಇಂಗದು. ಅದು ಕಾಲುದಾರಿಯನ್ನೇ ಕಾಲುವೆ ಮಾಡಿಕೊಂಡು ಓಡುತ್ತದೆ. ದಾರಿ ಕೊರಕಲಾಗುತ್ತದೆ. ಕೆಸರಿಗೆ ಹೆದರಿದ ಮುಂದಿನವನು ಪಕ್ಕದ ಹುಲ್ಲಿಗೆ ಕಾಲಿಡುತ್ತಾನೆ, ಅವನ ಹಿಂದಿನವನು ಇನ್ನೂ ಪಕ್ಕಕ್ಕೆ. ಹೀಗೆ ಒಂದು ಹೆಜ್ಜೆಯ ದಾರಿ ಬಂಡಿ ಹೋಗುವಷ್ಟು ಅಗಲವಾಗುತ್ತದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಚಾರಣವನ್ನು ನಿಲ್ಲಿಸುವ ಇಲಾಖೆಗೆ ಮಳೆಗಾಲದ ಈ ಸವೆತ ಕಾಣುವುದಿಲ್ಲ. ಭಾರೀ ಮಳೆಯ ಎಚ್ಚರಿಕೆ ಇರುವ ದಿನಗಳಲ್ಲಿ ದಾರಿ ಮುಚ್ಚಬಹುದು, ಆದರೆ ಅದು ಚಾರಣಿಗನ ಜೀವಕ್ಕಾಗಿ, ಗುಡ್ಡಕ್ಕಾಗಿ ಅಲ್ಲ. ಹಸಿರು ನೋಡಲು ಜನ ಮುಗಿಬೀಳುವುದೂ ಆ ತಿಂಗಳುಗಳಲ್ಲಿಯೇ.

ಮಣ್ಣಿನ ಮಾತು ಈ ನೆಲಕ್ಕೆ ಹೊಸದಲ್ಲ. ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪಿತ್ತು, ಕುದುರೆಮುಖದ ಕಬ್ಬಿಣದ ಗಣಿಗಾರಿಕೆ 2005ರ ಅಂತ್ಯಕ್ಕೆ ನಿಲ್ಲಬೇಕೆಂದಿತು. ಭದ್ರೆಗೆ ಇಳಿಯುತ್ತಿದ್ದ ಹೂಳು ಆ ಹೋರಾಟದ ಪ್ರಬಲ ವಾದವಾಗಿತ್ತು. ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಕೆಸರು ಇಂದಿಗೂ ನಿಂತಿದೆ. ಗಣಿಯ ಗಾಯವೂ ಕಾಲುದಾರಿಯ ಗೀರೂ ಒಂದೇ ಎನ್ನುವಷ್ಟು ಮೂಢರು ನಾವಲ್ಲ. ಆದರೆ ಹೂಳಿನ ಹೆಸರಿನಲ್ಲಿ ಒಂದು ಕಂಪನಿಯನ್ನು ಹೊರಗಟ್ಟಿದ ಕಣಿವೆಯಲ್ಲಿ ಹೂಳಿಗೆ ಟಿಕೆಟ್ಟು ಹರಿದುಕೊಡುವುದು ಯಾವ ನ್ಯಾಯ?

ಇದಕ್ಕೆ ಒಂದು ಉತ್ತರ ಸಿದ್ಧವಾಗಿದೆ: ಚಾರಣದಿಂದ ಹಳ್ಳಿಗರಿಗೆ ಅನ್ನ ಸಿಗುತ್ತಿದೆ. ಸಿಗುತ್ತಿದೆ, ಅಲ್ಲಗಳೆಯುವುದಿಲ್ಲ. ಜೀಪು ಓಡಿಸುವವರು, ಊಟ ವಸತಿ ಕೊಡುವವರು, ದಾರಿ ತೋರುವವರು ನಮ್ಮವರೇ. ರಸ್ತೆ ಕೇಳಿದರೆ ಕಾನೂನು ತೋರಿಸಿ, ಒಕ್ಕಲೆದ್ದು ಹೋದರೆ ಪರಿಹಾರವೆಂದು ಹೇಳುವ ವ್ಯವಸ್ಥೆಯು ಅವರ ಮುಂದೆ ಬೇರೆ ಯಾವ ದಾರಿಯನ್ನು ಉಳಿಸಿದೆ? ಅವರ ಅನ್ನವನ್ನು ಗುರಾಣಿಯಾಗಿ ಹಿಡಿಯುವವರು ಅವರನ್ನು ಒಮ್ಮೆಯಾದರೂ ಕೇಳಲಿ, ಗುಡ್ಡ ಯಾವಾಗ ಮೆತ್ತಗಾಗುತ್ತದೆ, ಯಾವಾಗ ಗಟ್ಟಿಯಾಗುತ್ತದೆ ಎಂದು.

ವಿದ್ಯಾರ್ಥಿ ಮಿತ್ರರೇ, ನೀವು ಬರಬೇಡಿರೆಂದು ನಾವು ಹೇಳುತ್ತಿಲ್ಲ. ಮಳೆಯ ನಾಲ್ಕು ತಿಂಗಳು ಬರಬೇಡಿ. ಆಗ ಶಿಖರದಿಂದ ಕಾಣುವುದೂ ಬಿಳಿ ಮಂಜು ಮತ್ತು ಕಾಲಿಗಂಟಿದ ಉಂಬಳ ಮಾತ್ರ.

ಇಲಾಖೆಯನ್ನು ನಾವು ಕೇಳುವುದು ಇಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿಖರದ ದಾರಿ ಮುಚ್ಚಿರಲಿ. ಉಳಿದ ಕಾಲದ ಮಿತಿ ಗ್ರಾಮಸಭೆಯಲ್ಲಿ ನಿರ್ಧಾರವಾಗಲಿ, ಶುಲ್ಕದ ಲೆಕ್ಕವೂ ಅಲ್ಲಿಯೇ ಓದಲ್ಪಡಲಿ. ಮಳೆಗೆ ಮುನ್ನ ದಾರಿಗೆ ಅಡ್ಡಲಾಗಿ ಕಲ್ಲಿಟ್ಟು ನೀರನ್ನು ಹುಲ್ಲಿನೆಡೆಗೆ ತಿರುಗಿಸುವ ಕೆಲಸವನ್ನು, ತಲೆಮಾರುಗಳಿಂದ ಅಡಕೆ ತೋಟದಲ್ಲಿ ಬಸಿಗಾಲುವೆ ತೆಗೆದ ಕೈಗಳಿಗೆ ಕೂಲಿ ಕೊಟ್ಟು ಒಪ್ಪಿಸಲಿ. ಮುಚ್ಚಿದ ತಿಂಗಳುಗಳ ನಷ್ಟದ ಒಂದು ಪಾಲಾದರೂ ಆ ಕೂಲಿಯಲ್ಲಿ ತುಂಬೀತು.