ಚಂದ್ರನ ಮಣ್ಣಿಗೂ ಎರಡು ಸಾಕ್ಷಿ

ಕಳೆದ ವಾರ ಆವತಿಯ ನಮ್ಮ ಮದ್ರಸದಲ್ಲಿ ವಿದ್ಯಾರ್ಥಿಯೊಬ್ಬನು ತಂದೆಯ ಮೊಬೈಲನ್ನು ತಂದು, "ಹಜ್ರತ್, ಚಂದ್ರ ಇಬ್ಭಾಗವಾದ ಗುರುತು ನೋಡಿ" ಎಂದು ಚಿತ್ರವೊಂದನ್ನು ತೋರಿಸಿದನು. ಅದು 1969ರಲ್ಲಿ ಅಪೊಲೊ 10 ನೌಕೆಯಿಂದ ತೆಗೆದ, 'ರೀಮಾ ಅರಿಯಡೇಯಸ್' ಎಂಬ ಕಂದಕದ ಚಿತ್ರ. ಸಮಾನಾಂತರವಾದ ಎರಡು ಬಿರುಕುಗಳ ನಡುವಿನ ನೆಲ ಕುಸಿದು ಉಂಟಾದ ಈ ಕಂದಕದ ಉದ್ದ ಸುಮಾರು 300 ಕಿ.ಮೀ. ಚಂದ್ರನ ಸುತ್ತಳತೆಯಾದರೋ ಸುಮಾರು 10,900 ಕಿ.ಮೀ. ಇದನ್ನು ಹೇಳಿದಾಗ ಬಾಲಕನ ಮುಖ ಬಾಡಿತು. "ಹಾಗಾದರೆ ಆ ಪವಾಡ ಸುಳ್ಳೇ?" ಎಂದು ಕೇಳಿದನು.

ಆ ಪ್ರಶ್ನೆಗೆ ಹೊಣೆ ಬಾಲಕನಲ್ಲ, ಚಿತ್ರವನ್ನು ಹಂಚಿದ ನಾವು. ಚಂದ್ರ ಇಬ್ಭಾಗವಾದುದನ್ನು ನಾವು ನಂಬುವುದು ಕುರ್‌ಆನ್ ಮತ್ತು ವಿಶ್ವಾಸಾರ್ಹ ಹದೀಸ್‌ಗಳ ಆಧಾರದಿಂದ. ಯಾವುದೋ ಛಾಯಾಚಿತ್ರದ ಆಸರೆಯಿಂದಲ್ಲ. ಸತ್ಯಕ್ಕೆ ಸುಳ್ಳಿನ ಊರುಗೋಲು ಕೊಟ್ಟರೆ, ಊರುಗೋಲು ಮುರಿದ ದಿನ ಮಗುವಿನ ವಿಶ್ವಾಸವೂ ಎಡವುತ್ತದೆ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಪ್ರಜ್ಞಾನ್ ರೋವರ್‌ನಲ್ಲಿದ್ದ ಒಂದು ಉಪಕರಣ ಬೆಂಗಳೂರಿನ ಪೀಣ್ಯದ ಇಸ್ರೋ ಪ್ರಯೋಗಾಲಯದಲ್ಲಿ ಸಿದ್ಧವಾದುದು. ಅದು ಮಣ್ಣಿನ ಮೇಲೆ ಲೇಸರ್ ಕಿರಣ ಹಾಯಿಸಿತು. ಕಾದು ಆವಿಯಾದ ಮಣ್ಣು ಹೊಮ್ಮಿಸಿದ ಬೆಳಕಿನಲ್ಲಿ ಗಂಧಕದ ಗುರುತು ಕಂಡಿತು. ಅಹಮದಾಬಾದಿನಲ್ಲಿ ತಯಾರಾದ ಮತ್ತೊಂದು ಉಪಕರಣ ಆಲ್ಫಾ ಕಣ ಮತ್ತು ಕ್ಷ-ಕಿರಣಗಳ ಬೇರೊಂದು ವಿಧಾನದಿಂದ ಅದನ್ನೇ ದೃಢಪಡಿಸಿತು. ಹೀಗೆ ಒಂದು ಹಿಡಿ ಮಣ್ಣಿನ ವಿಷಯಕ್ಕೂ ಎರಡನೆಯ ಸಾಕ್ಷಿ ದೊರೆಯಿತು.

ಇದು ನಮಗೆ ಅಪರಿಚಿತ ಮಾರ್ಗವೇ? ಇಮಾಮ್ ಬುಖಾರಿ ಮೊದಲಾದ ಹದೀಸ್ ವಿದ್ವಾಂಸರು ವರದಿಯನ್ನು ಸ್ವೀಕರಿಸುವ ಮುನ್ನ ವರದಿಗಾರರ ಸರಪಳಿಯನ್ನೇ ಪರೀಕ್ಷಿಸಿದರು. ತಂದ ಸುದ್ದಿಯನ್ನು ವಿಚಾರಿಸಿ ನೋಡಬೇಕೆಂಬುದು ಅಲ್-ಹುಜುರಾತ್ ಅಧ್ಯಾಯದ 6ನೇ ಸೂಕ್ತದ ಆದೇಶ. ಅವರ ವಾರಸುದಾರರಾದ ನಾವು ಮಾತ್ರ, ಕಳುಹಿಸಿದವರು ಯಾರೆಂದು ಸಹ ತಿಳಿಯದೆ, ಬೆರಳ ತುದಿಯಿಂದ ಸುದ್ದಿಯನ್ನು ಮುಂದೆ ಸಾಗಿಸುತ್ತಿದ್ದೇವೆ. ಪುಣ್ಯವೆಂದು ಭಾವಿಸಿ ಮಾಡಿದರೂ ಪರಿಶೀಲಿಸದ ಮಾತು ಪರಿಶೀಲಿಸದ ಮಾತೇ.

ಪಾಲಕರೇ, ಮಕ್ಕಳಿಗೆ ಇಂತಹ ಚಿತ್ರವನ್ನು ಕಳುಹಿಸುವ ಬದಲು ಆ ಉಪಕರಣಗಳ ಕೆಲಸವನ್ನು ವಿವರಿಸಿರಿ. ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ವಿಜ್ಞಾನ ಓದಿಸಿರಿ. ಆ ಬಾಲಕನಿಗೆ ನಾನು ಹೇಳಿದ್ದು ಇಷ್ಟೇ: "ಪವಾಡ ಸುಳ್ಳಲ್ಲ ಮಗಾ, ಈ ಚಿತ್ರ ಅದರ ಸಾಕ್ಷಿಯಲ್ಲ."

ಸತ್ಯವನ್ನು ಸತ್ಯದಿಂದಲೇ ಬೆಂಬಲಿಸುವ ವಿವೇಕವನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.