ಟೆಂಟು ಸಿನಿಮಾದ ಲೆಕ್ಕಪುಸ್ತಕವೂ ನಮ್ಮ ಪೇಟೆಗಳ ಸಂಜೆಯ ವ್ಯಾಪಾರವೂ

ತೆರಿಗೆ, ಬಡ್ಡಿ, ಸುತ್ತೋಲೆಗಳ ವಿಚಾರವಾಗಿಯೇ ಈ ಪುಟಗಳಲ್ಲಿ ಬರೆಯುತ್ತ ಬಂದಿರುವ ನಾನು ಈ ಬಾರಿ ಸಿನಿಮಾದ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ಓದುಗ ಮಿತ್ರರು ಅಚ್ಚರಿಪಡಬಹುದು. ಕಾರಣವಿಷ್ಟೆ. ಕಳೆದ ತಿಂಗಳು ಊರಿನ ಹಳೆಯ ಮನೆಯ ಅಟ್ಟವನ್ನು ಶುಚಿಗೊಳಿಸುವಾಗ ನನ್ನ ಕೈಬರಹದ ಒಂದು ನೋಟುಪುಸ್ತಕ ದೊರೆಯಿತು. ಅದು 1987ನೆಯ ಇಸವಿಯ ಬೇಸಿಗೆಯದು. ದ್ವಿತೀಯ ಪಿ.ಯು.ಸಿ. ಪರೀಕ್ಷೆ ಮುಗಿದ ದಿನದಿಂದ ಮುಂಗಾರು ಹಿಡಿಯುವವರೆಗಿನ ಸುಮಾರು ಎಂಟು ವಾರಗಳಲ್ಲಿ ನಾನು ಟೆಂಟು ಸಿನಿಮಾಕ್ಕೆ ಹೋದದ್ದು 38 ಬಾರಿ. ನೆಲಕ್ಕೆ ಒಂದು ರೂಪಾಯಿಯಂತೆ 26 ಆಟ, ಬೆಂಚಿಗೆ ಒಂದೂವರೆ ರೂಪಾಯಿಯಂತೆ 9 ಆಟ, ಕುರ್ಚಿಗೆ ಎರಡು ರೂಪಾಯಿಯಂತೆ 3 ಆಟ. ಒಟ್ಟು 45 ರೂಪಾಯಿ 50 ಪೈಸೆ. ಮುಂದೆ ಲೆಕ್ಕಪರಿಶೋಧಕನಾಗುವವನ ಲಕ್ಷಣ ಆಗಲೇ ಇತ್ತೆಂದು ಮನೆಯವರು ನಕ್ಕರು. ಕುರ್ಚಿಯ ಮೂರು ಆಟಗಳು ನನ್ನ ಸೋದರಮಾವ ಊರಿಗೆ ಬಂದಿದ್ದ ದಿನಗಳವು. ಹಣ ಅವರದಾದರೂ ನನ್ನ ಖರ್ಚಿನ ಪಟ್ಟಿಯಲ್ಲಿ ಸೇರಿಕೊಂಡಿದೆ. ಇದು ನನ್ನ ವೃತ್ತಿಜೀವನದ ಮೊದಲ ತಪ್ಪು ನಮೂದು.

ಆಲೂರು ಮತ್ತು ಸಕಲೇಶಪುರಗಳ ನಡುವೆ ಹೆದ್ದಾರಿಯ ಬದಿಯಲ್ಲಿರುವ ಒಂದು ಸಣ್ಣ ಪೇಟೆ ನಮ್ಮದು. ಕೊಯ್ಲಾಗಿ ಒಣಗಿದ ಗದ್ದೆಯ ಬಯಲಿನಲ್ಲಿ ಟೆಂಟು ಏಳುತ್ತಿತ್ತು. ಮಲೆನಾಡಿನ ಮಳೆಗೆ ಯಾವ ಗುಡಾರವೂ ತಡೆಯದಾದ್ದರಿಂದ ಜೂನ್ ಮೊದಲ ವಾರದೊಳಗೆ ಕಿತ್ತುಕೊಂಡು ಹೋಗಲೇಬೇಕು. ಘಂಟಸಾಲ ಅವರ ವೆಂಕಟೇಶ ಸ್ತುತಿಯ ರೆಕಾರ್ಡು ಧ್ವನಿವರ್ಧಕದಲ್ಲಿ ಕೇಳಿಬಂದರೆ ಟಿಕೆಟ್ ಕೊಡಲು ಆರಂಭವಾಯಿತೆಂದು ಅರ್ಥ. ಊಟದ ಮಣೆಯಿಂದ ಎದ್ದು ಓಡುತ್ತಿದ್ದೆವು. ಒಂದೇ ಪ್ರೊಜೆಕ್ಟರ್ ಇದ್ದುದರಿಂದ ರೀಲು ಬದಲಿಸುವಾಗಲೆಲ್ಲ ಕತ್ತಲೆ, ಶಿಳ್ಳೆ, ಬೀಡಿಯ ಹೊಗೆ. ಆ ಬಿಡುವುಗಳಲ್ಲೇ ಕಡಲೆಕಾಯಿ, ಸೋಡಾ, ಚುರುಮುರಿಗಳ ವ್ಯಾಪಾರ.

ಬರುತ್ತಿದ್ದುದೆಲ್ಲ ಹಳೆಯ ಚಿತ್ರಗಳು. ಗಾಂಧಿನಗರದವರು ಎಂ.ಎಂ.ಸಿ.ಎಚ್. ಎಂದು ಕರೆಯುವ ಮೈಸೂರು, ಮಂಡ್ಯ, ಕೊಡಗು, ಹಾಸನಗಳ ವಿತರಣಾ ವಲಯದಲ್ಲಿ ದೊಡ್ಡ ಊರುಗಳನ್ನೆಲ್ಲ ಸುತ್ತಿ, ಗೀರುಬಿದ್ದು, ಅಲ್ಲಲ್ಲಿ ತುಂಡಾಗಿ ಅಂಟಿಸಿಕೊಂಡ ಪ್ರಿಂಟು ಕಟ್ಟಕಡೆಗೆ ನಮ್ಮಲ್ಲಿಗೆ ತಲುಪುತ್ತಿತ್ತು. 1972ರ ‘ಬಂಗಾರದ ಮನುಷ್ಯ’, 1982ರ ‘ಹಾಲು ಜೇನು’, 1985ರ ‘ಮಸಣದ ಹೂವು’, ‘ಬೆಟ್ಟದ ಹೂವು’ ಇವೆಲ್ಲ ನನ್ನ ಪಟ್ಟಿಯಲ್ಲಿವೆ. 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರಕ್ಕೆ ನಾಲ್ಕು ಬಾರಿ ಹೋಗಿದ್ದೇನೆ. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನಾಧರಿಸಿದ ಚಿತ್ರವೆಂಬ ಅಭಿಮಾನ ಒಂದೆಡೆ. ಸಾಲ, ಜಮೀನು, ಕೋರ್ಟು ವ್ಯಾಜ್ಯಗಳ ಆ ಕಥೆಯಲ್ಲಿ ನಮ್ಮೂರಿನ ಕೆಲವರನ್ನು ಗುರುತಿಸಬಹುದಿತ್ತೆಂಬ ಖುಷಿ ಇನ್ನೊಂದೆಡೆ.

ಇಷ್ಟೇ ಆಗಿದ್ದರೆ ಇದು ಹಳೆಯ ನೆನಪಾಗಿ ಉಳಿಯುತ್ತಿತ್ತು. ನೋಟುಪುಸ್ತಕದ ಹಿಂಭಾಗದಲ್ಲಿ ಇನ್ನೊಂದು ಪಟ್ಟಿಯಿದೆ. ಚಿತ್ರ ಆರಂಭವಾಗುವ ಮುನ್ನ ಪರದೆಯ ಮೇಲೆ ತೋರಿಸುತ್ತಿದ್ದ ಗಾಜಿನ ಸ್ಲೈಡುಗಳನ್ನು ಏಕೋ ಬರೆದಿಟ್ಟುಕೊಂಡಿದ್ದೇನೆ. ಜವಳಿ ಅಂಗಡಿ ಎರಡು, ಔಷಧಿ ಅಂಗಡಿ ಒಂದು, ಸೈಕಲ್ ಷಾಪು, ಗೊಬ್ಬರದ ವ್ಯಾಪಾರಿ, ಕನ್ನಡಕದವರು, ಬೇಕರಿ, ಟೈಲರು, ಮುದ್ರಣಾಲಯ, ಒಟ್ಟು ಹದಿನಾಲ್ಕು. ಇವರಲ್ಲಿ ಇಂದು ಅದೇ ಪೇಟೆಯಲ್ಲಿ ಬಾಗಿಲು ತೆರೆದಿರುವವರು ಮೂವರು ಮಾತ್ರ. ಹನ್ನೊಂದು ಅಂಗಡಿಗಳು ಸಿನಿಮಾ ಇಲ್ಲದ್ದರಿಂದಲೇ ಮುಚ್ಚಿದವೆಂದು ವಾದಿಸುವಷ್ಟು ಭಾವುಕ ನಾನಲ್ಲ. ರಸ್ತೆ ಅಗಲವಾಯಿತು, ಮಕ್ಕಳು ಬೆಂಗಳೂರಿಗೆ ಹೋದರು, ಮೊಬೈಲ್ ಬಂತು. ಆದರೂ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಪೇಟೆಗೆ ಜನರನ್ನು ಕರೆತರುತ್ತಿದ್ದ ಸಂಗತಿ ಅದೊಂದೇ ಆಗಿತ್ತೆಂಬುದನ್ನು ನಮ್ಮ ಸದಸ್ಯರು ಒಪ್ಪಿಯಾರು.

ಅದರ ಗಳಿಕೆಯು ತೋಟದ ಬಟವಾಡೆಗೆ ಕಟ್ಟುಬಿದ್ದಿತ್ತು. ಆಗ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಕೊಟ್ಟು ಕಂತುಕಂತಾಗಿ ಹಣ ಪಡೆಯುವ ವ್ಯವಸ್ಥೆ ಇತ್ತು. ಅದು ಪೂರ್ಣವಾಗಿ ಕೊನೆಗೊಂಡದ್ದು 1990ರ ದಶಕದ ಮಧ್ಯಭಾಗದಲ್ಲಿ. ಕಂತು ಬಂದ ವಾರ ಪ್ಲಾಂಟರ ಜೀಪು ಹಾಸನದತ್ತ ಹೋಗುತ್ತಿತ್ತು. ಬಟವಾಡೆಯಾದ ದಿನ ಆಳುಗಳು ಟೆಂಟಿನತ್ತ ಬರುತ್ತಿದ್ದರು. ಹಾಗೆ ಬಂದವರು ಎಲೆ-ಅಡಿಕೆ, ಸೋಪು, ಮಕ್ಕಳಿಗೊಂದು ಅಂಗಿ ಕೊಂಡೇ ಹಿಂದಿರುಗುತ್ತಿದ್ದರು. ಏಪ್ರಿಲ್‌ನಲ್ಲಿ ಸುರಿಯುವ ಒಂದು ಮಳೆಯಿಂದ ಗಿಡಗಳಲ್ಲಿ ಕಾಯಿ ನಿಂತಿತೆಂದು ಬೆಳೆಗಾರ ಹರ್ಷಿಸುವಾಗ ತಗಡಿನ ಮೇಲಿನ ಸದ್ದಿಗೆ ಸಂಭಾಷಣೆ ಕೇಳದೆ, ಜನ ಹಣ ವಾಪಸು ಕೇಳಿ, ಟೆಂಟಿನ ಮಾಲೀಕ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದುದನ್ನು ಕಂಡಿದ್ದೇನೆ. ಆ ವರ್ಷದ ಜನವರಿಯಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಆರಂಭವಾಗಿತ್ತು. ಭಾನುವಾರ ಬೆಳಿಗ್ಗೆ ಎಸ್ಟೇಟ್ ಬಂಗಲೆಯ ಜಗಲಿಯಲ್ಲಿ ಕೈಮುಗಿದು ಕೂತ ಜನರನ್ನು ನೋಡಿದಾಗ ಟೆಂಟಿನವನಿಗೆ ಭವಿಷ್ಯ ತಿಳಿದಿರಬೇಕು, ನನಗಂತೂ ತಿಳಿದಿರಲಿಲ್ಲ.

ಇನ್ನು ನನ್ನ ತಪ್ಪೊಪ್ಪಿಗೆ. 2009ರಲ್ಲಿ ನಮ್ಮ ಕಡೆಯ ಒಬ್ಬ ಚಿತ್ರಮಂದಿರದ ಮಾಲೀಕರು, ನನ್ನ ಹಳೆಯ ಕಕ್ಷಿದಾರರು, ಮೂರು ವರ್ಷಗಳ ಲೆಕ್ಕಪತ್ರಗಳೊಡನೆ ಬಂದು ಸಲಹೆ ಕೇಳಿದರು. ಅದು ಡಿಜಿಟಲ್ ಪ್ರೊಜೆಕ್ಷನ್ ಹರಡುತ್ತಿದ್ದ ಕಾಲ. ಹಳೆಯ ಪ್ರಿಂಟನ್ನು ಅಗ್ಗದ ಬಾಡಿಗೆಗೆ ತಂದು ಆಡಿಸುವ ಪದ್ಧತಿ ಕುಸಿದು, ಹೊಸ ಚಿತ್ರವನ್ನು ಬಿಡುಗಡೆಯ ದಿನವೇ ಹಾಕದಿದ್ದರೆ ಜನ ಬರುವುದಿಲ್ಲವೆಂಬ ಸ್ಥಿತಿ ಬಂದಿತ್ತು. ಹೊಸ ಚಿತ್ರಕ್ಕೆ ಮುಂಗಡ ಖಾತರಿ ಹಣ ಕಟ್ಟಬೇಕು. ಯಂತ್ರಕ್ಕೆ ಸಾಲ ಮಾಡಬೇಕು. ಮತ್ತೊಂದು ಕಡೆ ಕಾಫಿ ವ್ಯಾಪಾರಿಯೊಬ್ಬರು ಕಟ್ಟಡವನ್ನು ಗೋದಾಮಿಗಾಗಿ ತಿಂಗಳಿಗೆ 18,000 ರೂಪಾಯಿ ಬಾಡಿಗೆಗೆ ಕೇಳುತ್ತಿದ್ದರು. ಅರ್ಧ ಗಂಟೆಯಲ್ಲಿ ಲೆಕ್ಕ ಮಾಡಿ, ಮುಚ್ಚಿಬಿಡಿ ಎಂದೆ. ಲೆಕ್ಕ ಸರಿಯಾಗಿಯೇ ಇತ್ತು. ಇಂದು ಮಾಡಿದರೂ ಅದೇ ಉತ್ತರ ಬರುತ್ತದೆ. ಆದರೆ ಎರಡು ವರ್ಷಗಳಲ್ಲಿ ಎದುರಿನ ಹೋಟೆಲು ಮುಚ್ಚಿತು. ಪಕ್ಕದ ಜವಳಿ ಅಂಗಡಿಯವರು ಆರೂವರೆಗೇ ಬಾಗಿಲು ಹಾಕತೊಡಗಿದರು. ಅವರೂ ನನ್ನ ಕಕ್ಷಿದಾರರೇ. ಅವರ ವಹಿವಾಟು ಇಳಿದದ್ದನ್ನು ನಾನೇ ನಮೂದಿಸಿ ಸಹಿ ಮಾಡಿದ್ದೇನೆ. ಒಬ್ಬರ ಕಡತವನ್ನು ನೋಡುವಾಗ ಇನ್ನೊಬ್ಬರ ಕಡತವನ್ನು ತೆರೆದಿಡಬೇಕೆಂಬ ಬುದ್ಧಿ ಅಂದು ನನಗಿರಲಿಲ್ಲ.

ವಿಪರ್ಯಾಸವೆಂದರೆ ಇದಕ್ಕೆ ಎರಡು ವರ್ಷ ಮೊದಲು ನಮ್ಮ ಬೆಟ್ಟಗಳು ಚಿತ್ರರಂಗದಲ್ಲಿ ಹೆಸರುವಾಸಿಯಾಗಿದ್ದವು. 2006ರ ಡಿಸೆಂಬರ್ ಕೊನೆಗೆ ತೆರೆಕಂಡ ‘ಮುಂಗಾರು ಮಳೆ’ಯ ಚಿತ್ರೀಕರಣ ಬಹುಪಾಲು ನಡೆದದ್ದು ಸಕಲೇಶಪುರದ ಪರಿಸರದಲ್ಲಿ. ಅದನ್ನು ನೋಡಿದ ಬೆಂಗಳೂರಿನ ಯುವಜನರು ಮಳೆಯಲ್ಲಿ ನೆನೆಯಲು ಬಂದರು, ಹೋಂಸ್ಟೇಗಳು ಹೆಚ್ಚಿದವು. ಇಲ್ಲಿನ ಮಳೆಯನ್ನು ನಾಡೆಲ್ಲ ಪರದೆಯ ಮೇಲೆ ನೋಡಿತು. ನಮ್ಮ ಹೋಬಳಿಯ ಪೇಟೆಗಳವರು ಹೊಸ ಚಿತ್ರ ನೋಡಬೇಕಾದರೆ ಬಹುಮಟ್ಟಿಗೆ ಹಾಸನಕ್ಕೇ ಪ್ರಯಾಣ ಬೆಳೆಸಬೇಕು.

ಆ ಪ್ರಯಾಣದ ಖರ್ಚನ್ನು ನಮ್ಮ ಸದಸ್ಯರು ಗಮನಿಸಬೇಕೆಂದು ನನ್ನ ಕೋರಿಕೆ. ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್. ನಾಲ್ವರ ಕುಟುಂಬವೊಂದು ಕಾರಿನಲ್ಲಿ ಹೋಗಿಬಂದರೆ ಪೆಟ್ರೋಲು, ಟಿಕೆಟು, ತಿಂಡಿ ಸೇರಿ 1,700 ರೂಪಾಯಿಗೆ ಕಡಿಮೆಯಿಲ್ಲ. ಅದಕ್ಕಿಂತ ದೊಡ್ಡ ಬಾಬತ್ತು ಬೇರೆಯಿದೆ. ಹೋದವರು ಬರಿಗೈಯಲ್ಲಿ ಬರುವುದಿಲ್ಲ. ಚಪ್ಪಲಿ, ಬಟ್ಟೆ, ಮಿಕ್ಸಿ, ಮಕ್ಕಳ ಶಾಲಾ ಚೀಲ ಎಲ್ಲವನ್ನೂ ಅಲ್ಲಿಯೇ ಕೊಂಡು ತರುತ್ತಾರೆ. ಗಿರಾಕಿ ಆನ್‌ಲೈನಿಗೆ ಹೋದನೆಂದು ನಮ್ಮ ಸಭೆಗಳಲ್ಲಿ ದೂರು ಕೇಳುತ್ತಲೇ ಇರುತ್ತೇವೆ. ಕಾರು ಹತ್ತಿ ಹಾಸನಕ್ಕೆ ಹೋದ ಗಿರಾಕಿಯ ಬಗೆಗೆ ಯಾರೂ ಮಾತನಾಡುವುದಿಲ್ಲ.

ಹಾಗಾದರೆ ಮತ್ತೆ ಟೆಂಟು ಹಾಕಬೇಕೇ? ಖಂಡಿತ ಬೇಡ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಗುಡಾರಕ್ಕೆ ಬೆಂಕಿ ಬಿದ್ದು 92 ಜನ, ಬಹುಪಾಲು ಮಕ್ಕಳು, ಮಡಿದರು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ತೀರಿಕೊಂಡರು. ಬೀಡಿ ಸೇದುತ್ತ ಒಣಹುಲ್ಲಿನ ಪಕ್ಕ ಕುಳಿತು ಚಿತ್ರ ನೋಡಿ ನಾವು ಬದುಕಿಬಂದದ್ದು ಅದೃಷ್ಟದಿಂದ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಅಧಿನಿಯಮದಡಿ ಜಿಲ್ಲಾ ದಂಡಾಧಿಕಾರಿಗಳ ಪರವಾನಗಿ, ಅಗ್ನಿಶಾಮಕ ಮತ್ತು ವಿದ್ಯುತ್ ತಪಾಸಣೆ ಇವು ಇರಲೇಬೇಕು. ನಾನು ಕೇಳುವುದು ಅವುಗಳ ಸಡಿಲಿಕೆಯನ್ನಲ್ಲ. 80 ಆಸನಗಳ ಪರದೆಗೂ 800 ಆಸನಗಳ ಚಿತ್ರಮಂದಿರಕ್ಕೂ ಒಂದೇ ಬಗೆಯ ಅಲೆದಾಟ ಬೇಡವೆಂಬುದಷ್ಟೇ ನನ್ನ ವಾದ.

ತೆರಿಗೆಯ ಮಟ್ಟಿಗೆ ಹೇಳುವುದಾದರೆ, ಕನ್ನಡ ಚಿತ್ರಗಳಿಗಿದ್ದ ಮನರಂಜನಾ ತೆರಿಗೆಯ ವಿನಾಯಿತಿ 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಕೊನೆಗೊಂಡಿತು. ನೂರು ರೂಪಾಯಿವರೆಗಿನ ಟಿಕೆಟಿಗೆ ಮೊದಲು ಶೇ. 18, 2019ರ ಜನವರಿಯಿಂದ ಶೇ. 12, 2025ರ ಸೆಪ್ಟೆಂಬರ್ 22ರಿಂದ ಶೇ. 5. ನೂರು ದಾಟಿದ ಟಿಕೆಟಿಗೆ ಶೇ. 18. ಮಲ್ಟಿಪ್ಲೆಕ್ಸ್‌ಗಳ 200 ರೂಪಾಯಿ ಮಿತಿಯ ಬಗೆಗೆ ಅದೇ ಸೆಪ್ಟೆಂಬರಿನಲ್ಲಿ ಸರ್ಕಾರ ನಿಯಮ ಹೊರಡಿಸಿ ಉಚ್ಚ ನ್ಯಾಯಾಲಯ ತಡೆ ನೀಡಿದ ಗದ್ದಲವೆಲ್ಲ ಮಹಾನಗರಗಳದು. ನಮ್ಮ ಕಡೆಗೆ ಪ್ರಯೋಜನಕ್ಕೆ ಬರುವುದು ಆ ಶೇ. 5.

ಒಂದು ಅಂದಾಜು ಮಾಡೋಣ. 80 ಆಸನ, 100 ರೂಪಾಯಿ ಟಿಕೆಟು, ದಿನಕ್ಕೆ ಎರಡು ಆಟ, ಶೇ. 30 ಭರ್ತಿ. ಆಟಕ್ಕೆ 24 ಜನರಿಂದ 2,400 ರೂಪಾಯಿ; ದಿನಕ್ಕೆ 4,800; ವರ್ಷಕ್ಕೆ 300 ದಿನವೆಂದರೆ 14 ಲಕ್ಷ 40 ಸಾವಿರ. ವಿತರಕರಿಗೆ ಅರ್ಧ ಹೋದರೆ ಉಳಿಯುವುದು ತಿಂಗಳಿಗೆ 60,000. ವಿದ್ಯುತ್ತು, ಇಬ್ಬರು ನೌಕರರು, ಯಂತ್ರದ ನಿರ್ವಹಣೆ ಇವಿಷ್ಟಕ್ಕೆ ಅದು ಸರಿಹೋಗುತ್ತದೆ. ಕಟ್ಟಡದ ಬಾಡಿಗೆ ಮತ್ತು ಸಾಲದ ಕಂತಿಗೆ ಏನೂ ಉಳಿಯುವುದಿಲ್ಲ. ಇಲ್ಲಿಯೇ ಆ ಹದಿನಾಲ್ಕು ಗಾಜಿನ ಸ್ಲೈಡುಗಳು ನೆನಪಾದದ್ದು. ಪೇಟೆಯ ಇಪ್ಪತ್ತು ಅಂಗಡಿಯವರು ತಿಂಗಳಿಗೆ 1,500 ರೂಪಾಯಿಯಂತೆ ಪರದೆಯ ಮೇಲೆ ಜಾಹೀರಾತು ಕೊಟ್ಟರೆ 30,000 ರೂಪಾಯಿ ಆಗುತ್ತದೆ. ಅದು ದಾನವಲ್ಲ, ವ್ಯಾಪಾರದ ವೆಚ್ಚವಾಗಿ ಆದಾಯದಿಂದ ಕಳೆಯಬಹುದಾದ ಬಾಬತ್ತು. ಕ್ಯಾಂಟೀನನ್ನು ತಿಂಗಳಿಗೆ 10,000ಕ್ಕೆ ಬೇರೆಯವರಿಗೆ ವಹಿಸಿದರೂ ಎಲ್ಲ ಸೇರಿ ವಾರ್ಷಿಕ ವಹಿವಾಟು 19 ಲಕ್ಷ 20 ಸಾವಿರ. ಬೇರಾವ ವ್ಯವಹಾರವೂ ಇಲ್ಲದ ಪ್ರತ್ಯೇಕ ಸಂಸ್ಥೆಯಾದರೆ 20 ಲಕ್ಷದ ಮಿತಿಯೊಳಗಿರುವುದರಿಂದ ಜಿ.ಎಸ್.ಟಿ. ನೋಂದಣಿಯೂ ಕಡ್ಡಾಯವಲ್ಲ. ಒಂದು ‘ಕಾಂತಾರ’ವೋ ‘ಸು ಫ್ರಮ್ ಸೋ’ವೋ ಬಂದು ಮಿತಿ ದಾಟಿಸಿದರೆ ನೋಂದಣಿ ಮಾಡಿಸಿ ಶೇ. 5 ಕಟ್ಟೋಣ. ಅಂಥ ತೊಂದರೆ ಬರಲಿ.

ಸಮಯದ ಪ್ರಶ್ನೆ ಇನ್ನೂ ಕಠಿಣ. ನಾವು ಎರಡನೆಯ ಆಟ ಮುಗಿಸಿ ಲಾಟೀನು ಹಿಡಿದು ತೋಟದ ನಡುವೆ ಮಾತನಾಡುತ್ತ ನಡೆದುಬರುತ್ತಿದ್ದೆವು. ಇಂದು ಆಲೂರು-ಸಕಲೇಶಪುರಗಳ ತೋಟಗಳಲ್ಲಿ ಸಂಜೆಯಾದ ಮೇಲೆ ಯಾರೂ ಹಾಗೆ ನಡೆಯಲಾರರು. 2014ರಲ್ಲಿ ಆಲೂರಿನ ಕಡೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ತೀರಲಿಲ್ಲ. ಆನೆಗಳ ಇರುವಿಕೆಯ ಬಗೆಗೆ ಮೊಬೈಲಿಗೆ ಬರುವ ಸಂದೇಶಗಳನ್ನು ನೋಡಿಯೇ ಜನ ಹೊರಡುವ ಕಾಲವಿದು. ಆದ್ದರಿಂದ ಆಟಗಳು ಬೆಳಿಗ್ಗೆ ಹನ್ನೊಂದಕ್ಕೆ ಮತ್ತು ಮಧ್ಯಾಹ್ನ ಎರಡೂವರೆಗೆ ಇರಬೇಕು. ಐದೂವರೆಯೊಳಗೆ ಜನ ಹೊರಬಂದು, ಅಂಗಡಿ ಸುತ್ತಿ, ಬಸ್ಸು ಹಿಡಿಯುವಂತಿರಬೇಕು. ತೋಟದ ಕೆಲಸದವರು ವಾರದ ದಿನಗಳಲ್ಲಿ ಬರಲಾರರು. ಅವರಿಗೆ ಭಾನುವಾರ ಮಾತ್ರ. ಇಂದು ಅವರಲ್ಲಿ ಅನೇಕರು ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳ ಯುವಕರು. ಭಾನುವಾರದ ಒಂದು ಆಟ ಹಿಂದಿಯದಾದರೆ ಕನ್ನಡಾಭಿಮಾನಿಗಳು ಬೇಸರಿಸಬಾರದು. ನನ್ನ ಟೆಂಟಿನಲ್ಲಿಯೂ ತಮಿಳು ಚಿತ್ರಗಳು ತೋಟದ ತಮಿಳು ಆಳುಗಳಿಗಾಗಿ ಬರುತ್ತಿದ್ದವು. ಭಾಷೆ ತಿಳಿಯದೆಯೇ ನಾನು ಐದನ್ನು ನೋಡಿದ್ದೇನೆ. ಮಳೆಗಾಲದ ವಾರಾಂತ್ಯಗಳಲ್ಲಿ ಹೋಂಸ್ಟೇಯ ಕೋಣೆಯೊಳಗೆ ಕುಳಿತು ಬೇಸತ್ತ ಅತಿಥಿಗಳನ್ನೂ ಲೆಕ್ಕಕ್ಕೆ ಸೇರಿಸಬಹುದು. ಆದರೆ ಅವರನ್ನು ನಂಬಿ ಶೇ. 30 ಎಂದು ಬರೆದಿಲ್ಲ.

ಆ ಗೋದಾಮಿನ ಗುತ್ತಿಗೆ ಬರುವ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಾಲೀಕರಿಗೀಗ ಎಪ್ಪತ್ತು ದಾಟಿದೆ. ಮಗ ಮುಂದುವರಿಸಲು ಆಸಕ್ತಿ ತೋರಿಸಿದ್ದಾನೆ. ಅವರಿಗೆ ಎರಡು ಹಾಳೆಗಳ ಲೆಕ್ಕ ಕಳುಹಿಸಿದ್ದೇನೆ. ಮೊದಲನೆಯದು ಗೋದಾಮಿನದು, ಅದರಲ್ಲಿ ಎಲ್ಲ ಅಂಕಿಗಳೂ ಇವೆ. ಎರಡನೆಯದು 80 ಆಸನಗಳ ಪರದೆಯದು. ಅದರಲ್ಲಿ ಜಾಹೀರಾತಿನ ಆದಾಯದ ಸಾಲನ್ನು ಖಾಲಿ ಬಿಟ್ಟಿದ್ದೇನೆ. 30,000 ಎಂಬುದು ನನ್ನ ಊಹೆಯೇ ಹೊರತು ಯಾರೂ ಒಪ್ಪಿಕೊಂಡ ಮೊತ್ತವಲ್ಲ. ಆ ಪೇಟೆಯಲ್ಲಿ ವ್ಯವಹರಿಸುವ ಸದಸ್ಯರು ತಮ್ಮ ಪಾಲು ಎಷ್ಟೆಂಬುದನ್ನು ಮುಂದಿನ ಮಾಸಿಕ ಸಭೆಯೊಳಗೆ ಸಂಸ್ಥೆಯ ಕಚೇರಿಗೆ ತಿಳಿಸಿದರೆ ಆ ಸಾಲನ್ನು ಭರ್ತಿ ಮಾಡಿ ಅವರಿಗೆ ತಲುಪಿಸುತ್ತೇನೆ.