ಜೋಳಿಗೆಗೆ ಚಟ ಹಾಕಿದ ಮರುದಿನ

ಹೆಂಡದ ಮಾರಯ್ಯನವರು ಹೆಂಡ ಮಾರುವ ಕಾಯಕದಿಂದ ಬಂದವರು. ಶರಣರ ಬಳಗ ಅವರನ್ನು ದೂರವಿಡಲಿಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಭಕ್ತರ ದುಶ್ಚಟಗಳನ್ನೇ ಭಿಕ್ಷೆ ಬೇಡಿದ್ದೂ ಆ ಪರಂಪರೆಯಲ್ಲಿಯೇ. ಆದರೆ ಜೋಳಿಗೆಗೆ ಚಟ ಹಾಕಿದವನು ಮರುದಿನದ ಸಂಜೆಯನ್ನು ಹೇಗೆ ಕಳೆಯಬೇಕು?

1935ರಲ್ಲಿ ಅಮೆರಿಕದ ಒಬ್ಬ ಶಸ್ತ್ರವೈದ್ಯ, ಒಬ್ಬ ಷೇರು ದಲ್ಲಾಳಿ, ಇಬ್ಬರೂ ಕುಡಿತದಿಂದ ನೊಂದವರು, ಪರಸ್ಪರ ಕಷ್ಟ ಹೇಳಿಕೊಂಡದ್ದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಅಲ್ಲಿ ಶುಲ್ಕವಿಲ್ಲ, ಕುಡಿತ ಬಿಡುವ ಇಚ್ಛೆಯೊಂದೇ ಅರ್ಹತೆ. ಅನುಭಾವಗೋಷ್ಠಿಯನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೇನಲ್ಲ.

ನಂಜನಗೂಡಿನ ಅಥವಾ ತಿರುಮಕೂಡಲು ನರಸೀಪುರದ ಕೂಲಿಕಾರನು ಇಂಥ ಸಭೆಗಾಗಿ ವಾರವಾರವೂ ಮೈಸೂರಿಗೆ ಹೋಗಿಬರುವುದೆಂದರೆ ಒಂದು ಹೊತ್ತಿನ ದುಡಿಮೆ ಹೋದಂತೆ; ದಾರಿಯ ಮದ್ಯದಂಗಡಿಗಳನ್ನು ದಾಟುವ ಪರೀಕ್ಷೆ ಬೇರೆ. ಆದುದರಿಂದ ಎರಡೂ ಊರುಗಳ ಭಕ್ತರು ವಾರಕ್ಕೊಂದು ಸಂಜೆ ಒಂದು ಕೊಠಡಿಯನ್ನು ಬಿಟ್ಟುಕೊಡುವುದು ಉಚಿತ. ಊರವರು ಗುರುತಿಸಿಯಾರೆಂಬ ಅಳುಕು ಸಹಜವೇ. ಅದಕ್ಕೆಂದೇ ಸಭೆಯ ದಿನಗಳು ಬೇರೆಬೇರೆ ಇರಲಿ; ನಂಜನಗೂಡಿನವರು ನರಸೀಪುರಕ್ಕೂ ನರಸೀಪುರದವರು ನಂಜನಗೂಡಿಗೂ ಹೋಗಲಿ. ಕಪಿಲೆಯಂತೂ ಆ ದಾರಿಯನ್ನು ಎಂದಿನಿಂದಲೋ ಬಲ್ಲಳು.

ಬಹುಕಾಲ ನಿತ್ಯ ಕುಡಿದವರು ಹಠಾತ್ತನೆ ಬಿಟ್ಟರೆ ನಡುಕ, ಸೆಳವು ಬರುವುದುಂಟು, ಪ್ರಾಣಕ್ಕೂ ಅಪಾಯ. ಅಂಥವರನ್ನು ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು, ಪ್ರತಿಜ್ಞೆ ಆಮೇಲೆ. ಕೊಠಡಿಯಲ್ಲಿ ಉಪನ್ಯಾಸ ಬೇಡ. ಹಾರ, ಶಾಲು, ಛಾಯಾಚಿತ್ರಗಳಂತೂ ಬೇಡವೇ ಬೇಡ. ಚಾಪೆ ಹಾಸಿ, ಹೇಳಿದ ವೇಳೆಗೆ ಬಾಗಿಲು ತೆರೆದರೆ ಸಾಕು.